ಕುಡಿತದ ಲೆಕ್ಕ ಮತ್ತು ನೆನಪು

ಮನುಷ್ಯನು ತಾನು ಹಿಂದೆ ಎಷ್ಟು ಕುಡಿದೆನೆಂಬುದನ್ನು ಸರಿಯಾಗಿ ಹೇಳಬಲ್ಲನೇ? ಈ ವಿಷಯ ಶಿಕ್ಷಕರಿಗೆ ಸಂಬಂಧಿಸಿದ್ದಲ್ಲವೆಂದು ಕೆಲವರಿಗೆ ತೋರಬಹುದು. ಆದರೆ ನಮ್ಮ ಸಾಂಗ್ಲಿ-ಮಿರಜ ಭಾಗದಲ್ಲಿ ಇದು ಪ್ರಾಣಕ್ಕೆ ಸಂಬಂಧಿಸಿದ ಮಾತು. 1894ರಲ್ಲಿ ಡಾಕ್ಟರ ವ್ಯಾನ್ಲೆಸ್ ಅವರು ಆಸ್ಪತ್ರೆ ತೆರೆದಂದಿನಿಂದ ಮಿರಜೆಗೆ ದೂರದೂರದ ರೋಗಿಗಳು ಬರುತ್ತಿದ್ದಾರೆ. ಜತ್ತ, ಅಥಣಿಗಳ ಕಡೆಯ ಕನ್ನಡಿಗರೂ ಅವರಲ್ಲಿದ್ದಾರೆ. ವೈದ್ಯರು ಮರಾಠಿಯಲ್ಲಿ ಕೇಳಿದ್ದನ್ನು ಅವರಿಗೆ ಕನ್ನಡದಲ್ಲಿ ತಿಳಿಸುವ ಪ್ರಸಂಗ ನಮ್ಮಂಥ ಮಾಸ್ತರರಿಗೆ ಬರುವುದುಂಟು.

“ಕುಡಿಯುತ್ತೀರಾ?” ಎಂದರೆ “ಒಮ್ಮೊಮ್ಮೆ, ಹಬ್ಬಕ್ಕೆ” ಎಂಬುದು ರೂಢಿಯ ಉತ್ತರ. ನಿತ್ಯ ಕುಡಿಯುವವನು ಕಾಲು ಮುರಿದು ಮಲಗಿದರೆ ಕುಡಿತ ಒಮ್ಮೆಲೆ ನಿಲ್ಲುತ್ತದೆ. ಮೊದಲು ಕೈನಡುಕ, ಸೆಳವು. ಎರಡು-ಮೂರನೆಯ ದಿನ ಸನ್ನಿ. ಕೆಲವರಿಗೆ ಮರಣವೂ ಸಂಭವಿಸುತ್ತದೆ. ಮುಂಚೆ ತಿಳಿದಿದ್ದರೆ ಔಷಧದಿಂದ ಇದನ್ನು ತಡೆಯಬಹುದು.

ತಪ್ಪು ಉತ್ತರವೆಲ್ಲ ಸುಳ್ಳಲ್ಲ. ಅದಕ್ಕೆ ಮೂರು ಕಾರಣಗಳಿವೆ.

ಮೊದಲನೆಯದು ನಾಚಿಕೆ ಮತ್ತು ಅಂಜಿಕೆ. 1949ರ ಮುಂಬಯಿ ಪಾನನಿಷೇಧ ಕಾಯಿದೆ ಇಂದು ಮಹಾರಾಷ್ಟ್ರದ ಹೆಸರಿನಲ್ಲಿ ಉಳಿದಿದೆ. ಕುಡಿಯಲು ಪರವಾನಗಿ ಬೇಕು. ಅದಿಲ್ಲದವನು ಬಾಯಿ ಬಿಡಲು ಹಿಂಜರಿದರೆ ಆಶ್ಚರ್ಯವಿಲ್ಲ.

ಎರಡನೆಯದು ಸ್ಮೃತಿಯ ಸ್ವಭಾವ. ಎಬ್ಬಿಂಗ್‌ಹೌಸನು 1885ರಲ್ಲಿ ತೋರಿಸಿದಂತೆ ಕಲಿತದ್ದು ಮೊದಲು ಬೇಗಬೇಗನೆ, ಆಮೇಲೆ ನಿಧಾನವಾಗಿ ಮರೆಯುತ್ತದೆ. ಒಂದರಂತೆ ಇನ್ನೊಂದಿರುವ ಸಂಜೆಗಳು ನೆನಪಿನಲ್ಲಿ ಬೇರೆಬೇರೆಯಾಗಿ ಉಳಿಯುವುದಿಲ್ಲ. ಮನಸ್ಸು ಅವುಗಳ ಬದಲು ‘ವಾಡಿಕೆ’ಯನ್ನು ಹೇಳುತ್ತದೆ. ಇಂದಿನ ರೂಢಿಯ ಬಣ್ಣವೂ ಹಿಂದಿನದಕ್ಕೆ ಹತ್ತುತ್ತದೆ. ಅಮೇರಿಕೆಯಲ್ಲಿ ಅವರವರನ್ನೇ ವರ್ಷಗಳ ಅಂತರದಲ್ಲಿ ಮತ್ತೆ ಕೇಳಿದಾಗ, 1992ರಲ್ಲಿ “ಜನ್ಮದಲ್ಲಿ ಮುಟ್ಟಿಲ್ಲ” ಎಂದವರಲ್ಲಿ ಅರ್ಧದಷ್ಟು ಜನ ಹಿಂದೆ ತಾವು ಕುಡಿದುದನ್ನು ಒಪ್ಪಿದ್ದವರೇ ಆಗಿದ್ದರು.

ಮೂರನೆಯದು ಅಳತೆ. “ಒಂದು ಕ್ವಾರ್ಟರ” ಎನ್ನುವವನಿಗೆ ಅದು ಒಂದೇ. ಆದರೆ 180 ಮಿಲಿಲೀಟರಿನಲ್ಲಿ ನೂರಕ್ಕೆ 42.8 ಪಾಲು ಮದ್ಯಸಾರವಿದ್ದರೆ ಅದರ ತೂಕ ಸುಮಾರು 60 ಗ್ರಾಂ. ವೈದ್ಯರ 10 ಗ್ರಾಮಿನ ಅಳತೆಯಲ್ಲಿ ಆರು. ನೂರಕ್ಕೆ 5 ಪಾಲಿನ 650 ಮಿಲಿಲೀಟರ ಬಿಯರಿನಲ್ಲಿ ಅಂಥವು ಎರಡೂವರೆ. ಹಾತಭಟ್ಟಿಯ ಸಾರಾಯಿಗಂತೂ ನಿಶ್ಚಿತ ಬಲವೇ ಇಲ್ಲ.

ಹಾಗಾದರೆ ಕೇಳುವುದು ಹೇಗೆ? ಸೋಬೆಲ್ ದಂಪತಿಗಳು ಪಂಚಾಂಗವನ್ನು ಮುಂದಿಟ್ಟು ಕೇಳುವ ಪದ್ಧತಿಯನ್ನು ರೂಪಿಸಿದ್ದಾರೆ. ಸಂಬಳದ ದಿನ, ಹಬ್ಬ, ಮದುವೆಗಳನ್ನು ಗುರುತಿಟ್ಟು ಒಂದೊಂದು ದಿನವಾಗಿ ಹಿಂದಕ್ಕೆ ಸಾಗುವುದು ಅದರ ಕ್ರಮ. ಇದರಿಂದ ಬಿಡಿ ದಿನದ ಲೆಕ್ಕ ತಪ್ಪಿದರೂ ಒಟ್ಟು ಮೊತ್ತ ಸಾಕಷ್ಟು ಸರಿಬರುತ್ತದೆ. ನಮ್ಮಲ್ಲಿ ಅದಕ್ಕೆ ಬೇಕಾದ ಗುರುತುಗಳಿಗೆ ಬರವಿಲ್ಲ: ವಾರದ ಸಂತೆ, ಗಣೇಶೋತ್ಸವ, ಕಬ್ಬಿನ ಹಂಗಾಮು. ವರ್ಷಗಳ ಹಿಂದಿನದಕ್ಕೆ 2005ರ ಮತ್ತು 2019ರ ಕೃಷ್ಣೆಯ ಮಹಾಪೂರಗಳಿವೆ.

ಆದುದರಿಂದ ಶಿಕ್ಷಕ ಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟೇ. ಇಂಥ ಪ್ರಸಂಗ ಬಂದಾಗ “ಕುಡಿಯುತ್ತೀರಾ?” ಎಂದು ಕೇಳಿ ಬಿಡಬೇಡಿರಿ. ನೆಂಟರನ್ನು ಸ್ವಲ್ಪ ದೂರ ಸರಿಸಿ, “ಕಡೆಯ ಸಲ ಯಾವಾಗ? ಅದರ ಹಿಂದಿನ ದಿನ? ಕಳೆದ ಸಂತೆಯ ದಿನ?” ಎಂದು ಕೇಳಿರಿ. ಲೋಟದಲ್ಲಿ ನೀರು ಸುರಿದು ತೋರಿಸಲು ಹೇಳಿರಿ. ಉಪದೇಶ ಅಂದು ಬೇಡ. ಬಂದ ಉತ್ತರವನ್ನು ಇದ್ದಕ್ಕಿದ್ದಂತೆ ವೈದ್ಯರಿಗೆ ಮುಟ್ಟಿಸಿದರೆ ಸಾಕು.