ಮೂರೂವರೆಯ ಸಂದು

ರೈಲು ಹಳಿ ತಾಳಗುಪ್ಪದಲ್ಲಿ ಮುಗಿಯುತ್ತದೆ. ಜೋಗಕ್ಕೆ ಹೊರಟವರು, ಸಿದ್ದಾಪುರದ ಕಡೆಯವರು ಎಲ್ಲರೂ ಇಲ್ಲೇ ಇಳಿದು ಬಸ್ಸು ಹಿಡಿಯಬೇಕು. ಆಷಾಢದ ಭಾನುವಾರ ಮಧ್ಯಾಹ್ನ ನಿಲ್ದಾಣದಲ್ಲಿ ಜನವೇ ಇಲ್ಲ. ತಗಡಿನ ಮೇಲೆ ಮಳೆ ಹೊಯ್ಯುತ್ತಿದೆ, ಬೆಂಚಿನಡಿ ನಾಯಿಯೊಂದು ಮುದುಡಿ ಮಲಗಿದೆ. ಅಲ್ಲಿಂದ ಊರಾಚೆಯ ಮಣ್ಣುರಸ್ತೆ ಹಿಡಿದು ಅಡಿಕೆ ತೋಟದ ಅಂಚಿನಲ್ಲಿ ನಡೆದರೆ ಒಂದು ಹೆಂಚಿನ ಮನೆ. ಮನೆ ಕಾಣುವ ಮೊದಲೇ ಪಾಠ ಕೇಳಿಸುತ್ತದೆ. ಕೇಳಿಸುವುದು ಮದ್ದಳೆಯಲ್ಲ, ಬಾಯಿ.

ತಕಿಟ ತಕಧಿಮಿ. ತಕಿಟ ತಕಧಿಮಿ. ತಕಿಟ ತಕಧಿಮಿ.

ಜಗಲಿಯ ಮೇಲೆ ಚಾಪೆ ಹಾಸಿ ಐದು ಜನ ಕೂತಿದ್ದಾರೆ. ಏಳನೇ ಕ್ಲಾಸಿನ ಹುಡುಗಿ, ಅವಳ ತಮ್ಮ, ಸೊಸೈಟಿಯಲ್ಲಿ ಗುಮಾಸ್ತರಾಗಿರುವ ಒಬ್ಬರು, ಆಟೋ ಓಡಿಸುವ ಒಬ್ಬ, ಬೆಂಗಳೂರಿನಿಂದ ಊರಿಗೆ ಬಂದ ಒಬ್ಬ ಹುಡುಗ. ಈ ಕೊನೆಯವನಿಗೆ ಬೆಂಗಳೂರಿನಲ್ಲಿ ಡ್ರಮ್ಸ್ ಬಾರಿಸುವ ಹವ್ಯಾಸ. ಗೆಳೆಯರ ತಂಡವಿದೆ, ಕಾಲಿನಲ್ಲಿ ಒಂದು, ಕೈಯಲ್ಲಿ ಎರಡು ಲಯ ಹಿಡಿಯಬಲ್ಲ. ಎದುರಿಗೆ ಗೋಡೆಗೆ ಒರಗಿ ಗುರುಗಳು. ವರ್ಷಗಟ್ಟಲೆ ಮೇಳ ತಿರುಗಿ ಮದ್ದಳೆ ಬಾರಿಸಿ, ಈಗ ತೋಟ ನೋಡಿಕೊಂಡಿರುವವರು. ಅವರ ಪಕ್ಕದಲ್ಲೇ ಮದ್ದಳೆ ಕಂಬಳಿ ಹೊದ್ದು ಮಲಗಿದೆ. ಯಾರಿಗೂ ಅದನ್ನು ಮುಟ್ಟುವ ಅಪ್ಪಣೆ ಇನ್ನೂ ಆಗಿಲ್ಲ.

ಮಳೆಗಾಲ ಕಲಿಕೆಯ ಕಾಲ. ಮೇ ಕೊನೆಗೆ ಮೇಳಗಳು ಗೆಜ್ಜೆ ಬಿಚ್ಚಿದರೆ ಮತ್ತೆ ಕಟ್ಟುವುದು ಮಳೆ ಪೂರ್ತಿ ಹಿಂದೆ ಸರಿದ ಮೇಲೆ. ಆ ನಡುವೆ ಘಟ್ಟದ ಮೇಲಿನ ಜಗಲಿಗಳಲ್ಲಿ ತಾಳಮದ್ದಳೆ ಕೂರುತ್ತದೆ, ಎಲ್ಲೋ ಒಂದೊಂದು ಮನೆಯಲ್ಲಿ ಹಿಮ್ಮೇಳದ ಪಾಠ ನಡೆಯುತ್ತದೆ. ಸಿದ್ದಾಪುರ, ಶಿರಸಿ, ಸಾಗರದ ಈ ಸೀಮೆಗೆ ಊರೂರಿಗೆ ಹೋಗಿ ಯಕ್ಷಗಾನ ಕಲಿಸುವ ಪದ್ಧತಿ ಹೊಸದೇನಲ್ಲ. ಹೊಸ್ತೋಟ ಮಂಜುನಾಥ ಭಾಗವತರು (1940–2020) ಬದುಕಿನ ಬಹುಪಾಲನ್ನು ಹಾಗೆಯೇ ಕಳೆದರು. ಒಂದು ಜೋಳಿಗೆ, ಒಂದು ಜೊತೆ ತಾಳ, ಯಾರದೋ ಮನೆಯ ಊಟ. ಕಣ್ಣು ಕಾಣದ ಮಕ್ಕಳಿಗೂ ಕುಣಿತ ಕಲಿಸಿ ರಂಗಕ್ಕೆ ತಂದವರು ಅವರು. ಕಲೆ ಉಳಿಯುವುದು ದೊಡ್ಡ ರಂಗಸ್ಥಳದಿಂದ ಎಂದು ನಾವು ತಿಳಿದಿದ್ದೇವೆ. ಅದು ಉಳಿದದ್ದು ಇಂಥ ಚಾಪೆಗಳ ಮೇಲೆ ಎಂದು ನನ್ನ ನಂಬಿಕೆ.

ಇವತ್ತಿನ ಪಾಠ ತ್ರಿವುಡೆ. ಯಕ್ಷಗಾನದಲ್ಲಿ ಏಕತಾಳಕ್ಕೆ 4 ಅಕ್ಷರ, ರೂಪಕಕ್ಕೆ 6, ಝಂಪೆಗೆ 10, ಅಷ್ಟತಾಳಕ್ಕೆ 14. ತ್ರಿವುಡೆಗೆ 7. ಮೂರು ಮತ್ತು ನಾಲ್ಕು. ತಕಿಟ ಮೂರು, ತಕಧಿಮಿ ನಾಲ್ಕು. ಗುರುಗಳು ಕೈತಟ್ಟಿ ತೋರಿಸುತ್ತಾರೆ: ಒಂದಕ್ಕೆ ಒಂದು ಪೆಟ್ಟು, ನಾಲ್ಕಕ್ಕೆ ಒಂದು, ಆರಕ್ಕೆ ಒಂದು. ಮೂರು ಪೆಟ್ಟಿನೊಳಗೆ ಏಳು ಕೂತುಬಿಡುತ್ತದೆ.

ಬೆಂಗಳೂರಿನ ಹುಡುಗ ಇದನ್ನು ಎರಡೇ ನಿಮಿಷಕ್ಕೆ ಹಿಡಿದ. ಏಳರ ಎಣಿಕೆ ಅವನಿಗೆ ಅಪರಿಚಿತವಲ್ಲ. ಪಿಂಕ್ ಫ್ಲಾಯ್ಡ್ ತಂಡದ ‘ಮನಿ’ (1973) ಎಂಬ ಹಾಡು ಏಳರಲ್ಲಿ ನಡೆಯುತ್ತದೆ, ಬಲ್ಗೇರಿಯದ ಹಳ್ಳಿಗರು ಎರಡು–ಎರಡು–ಮೂರು ಎಂದು ಏಳನ್ನು ಒಡೆದು ಕುಣಿಯುತ್ತಾರೆ ಎಂದೆಲ್ಲ ಅವನೇ ಹೇಳಿದ. ಗುರುಗಳು ಆಸೆಯಿಂದ ಕೇಳಿದರು. ‘ಹೌದಾ? ಅವ್ರೂ ಏಳರಲ್ಲಿ ಕುಣೀತಾರಾ?’ ಎಂದು ಎರಡು ಸಲ ಕೇಳಿದರು. ಆ ಬಲ್ಗೇರಿಯದ ಎರಡು–ಎರಡು–ಮೂರನ್ನು ತಾವೂ ಒಮ್ಮೆ ತೊಡೆಯ ಮೇಲೆ ತಟ್ಟಿ ನೋಡಿ, ‘ನಮ್ದು ಮೂರ್ರಿಂದ ಶುರು ಆಗ್ತದೆ, ಅವ್ರದ್ದು ಮೂರಕ್ಕೆ ಹೋಗಿ ಮುಟ್ತದೆ’ ಎಂದರು.

ಆಮೇಲೆ ತೊಡೆಯ ಪಾಠ. ಎಡಗೈ ಎಡತೊಡೆಗೆ, ಬಲಗೈ ಬಲತೊಡೆಗೆ. ಎಡ, ಬಲ, ಬಲ. ಎಡ, ಬಲ, ಬಲ, ಬಲ. ಇಷ್ಟೇ. ಇದಕ್ಕೆ ನಡೆ ಎನ್ನುತ್ತಾರೆ. ಭಾಗವತರು ಪದ ಹೇಳುವಾಗ ಅಡಿಯಲ್ಲಿ ಹರಿಯುತ್ತಲೇ ಇರುವುದು ಇದೇ. ಇದರ ಮೇಲೆ ಮದ್ದಳೆಗಾರ ನೂರು ಬಗೆಯ ಬೆಡಗು ಮಾಡಬಹುದು. ಆದರೆ ನಡೆ ಒಂದು ಕ್ಷಣ ಅಲುಗಿದರೂ ರಂಗದಲ್ಲಿ ಕುಣಿಯುವವನ ಹೆಜ್ಜೆ ಅಲುಗುತ್ತದೆ. ಗುರುಗಳು ಈ ನಡೆಯನ್ನೇ ಮುಕ್ಕಾಲು ಗಂಟೆ ತಟ್ಟಿಸಿದರು. ಗುಮಾಸ್ತರ ಹಣೆಯಲ್ಲಿ ಬೆವರು. ಹುಡುಗಿಯ ತಮ್ಮ ಒಂದೆರಡು ಸಲ ಅಂಗಳದ ನೀರಿನ ಕಡೆ ನೋಡಿದ, ಅಷ್ಟರಲ್ಲಿ ಎಡಗೈ ಜಾಗ ತಪ್ಪಿತು.

‘ಮಾಣಿ, ಕೈ ಬಿಡು. ಬಾಯಲ್ಲಿ ಹೇಳು ಮೊದ್ಲು. ಬಾಯಿಗೆ ಬಂದದ್ದು ಕೈಗೆ ಬಂದೇ ಬರ್ತದೆ.’

ಹೇಳಿದ. ಬಂತು.

ಮದ್ದಳೆ ಹೊರಗೆ ಬಂದದ್ದು ಚಹಾ ಆದ ಮೇಲೆ. ಕಂಬಳಿ ಬಿಚ್ಚಿ ಗುರುಗಳು ಬಲದ ಮುಚ್ಚಿಗೆಯ ಮೇಲೆ ಒಂದು ಬೆರಳು ಬಡಿದರು. ಮಂಕು ಸದ್ದು. ಮಳೆಗಾಲದಲ್ಲಿ ಚರ್ಮ ನೀರು ಕುಡಿದು ಸಡಿಲಾಗುತ್ತದೆ, ಶ್ರುತಿ ಇಳಿದುಬಿಡುತ್ತದೆ. ಒಳಗೆ ಬಚ್ಚಲ ಒಲೆ ಉರಿಯುತ್ತಿತ್ತು. ಮದ್ದಳೆಯನ್ನು ಮಗುವಿನ ಹಾಗೆ ಎತ್ತಿಕೊಂಡು ಹೋಗಿ, ಒಲೆಯಿಂದ ಒಂದು ಮಾರು ದೂರದಲ್ಲಿ ಹಿಡಿದು, ಒಂದು ಮಗ್ಗುಲು ಆದ ಮೇಲೆ ಇನ್ನೊಂದು ಮಗ್ಗುಲು ಕಾಯಿಸಿದರು. ಹತ್ತಿರ ಹಿಡಿದರೆ ಚರ್ಮ ಒಡೆಯುತ್ತದೆ. ಎಷ್ಟು ಸಾಕು ಎಂಬುದನ್ನು ಅವರು ಅಂಗೈಯನ್ನೇ ಮುಚ್ಚಿಗೆಯ ಮೇಲಿಟ್ಟು ತಿಳಿಯುತ್ತಿದ್ದರು.

ಹಲಸಿನ ಮರದ ಕಳಸಿಗೆ, ಎರಡು ಮುಚ್ಚಿಗೆ, ಅವನ್ನು ಬಿಗಿದ ಚರ್ಮದ ಬಾರು. ಬಲಗಡೆ ನಡುವೆ ಕಪ್ಪನೆಯ ಕರಣೆ, ಕಿಟ್ಟದ ಪುಡಿಯನ್ನು ಅನ್ನದ ಜೊತೆ ಅರೆದು ಪದರ ಪದರವಾಗಿ ತಿಕ್ಕಿ ಕೂರಿಸಿದ್ದು. ಅದು ಶಾಶ್ವತ. ಎಡಗಡೆಯದು ಹಾಗಲ್ಲ. ಪ್ರತಿ ಸಲವೂ ಹೊಸದಾಗಿ ಬೋನ ಹಚ್ಚಬೇಕು. ಹುಡುಗಿ ಅಡುಗೆಮನೆಯಿಂದ ಒಂದು ಮುಷ್ಟಿ ಅನ್ನ, ಒಲೆಯ ಬೂದಿ ತಂದಳು. ಗುರುಗಳು ಎರಡನ್ನೂ ಅಂಗೈಯಲ್ಲಿ ಹಾಕಿಕೊಂಡು ಹೆಬ್ಬೆರಳಿನಿಂದ ತೀಡಿದರು. ಅನ್ನದ ಅಗುಳು ಅಗುಳಾಗಿ ಇದ್ದದ್ದು ಸ್ವಲ್ಪ ಹೊತ್ತಿಗೆ ಮೇಣದಂತಾಯಿತು. ಎಡದ ನಡುವಿಗೆ ಅಂಟಿಸಿ, ಒದ್ದೆ ಬೆರಳಿನಿಂದ ಅಂಚು ಸವರಿ, ಬಡಿದರು. ತೋಂ. ಜಗಲಿಯ ಹಲಗೆ ಆ ಸದ್ದನ್ನು ಕೂತವರ ಮೈಗೆ ದಾಟಿಸಿತು. ಬೋನವಿಲ್ಲದ ಎಡಗಡೆ ಡಬ್ಬದಂತೆ ಒದರುತ್ತದೆ. ಒಂದು ಮುಷ್ಟಿ ಅನ್ನ ಅದಕ್ಕೆ ಒಡಲು ಕೊಡುತ್ತದೆ.

ಬಲಗಡೆಯನ್ನು ಭಾಗವತರ ಶ್ರುತಿಗೆ ಏರಿಸಿ ಕಟ್ಟುವ ‘ಏರು ಮದ್ದಳೆ’ಗೆ ಹೆಸರಾದವರು ಹಿರಿಯಡ್ಕ ಗೋಪಾಲರಾಯರು (1919–2020). ನೂರು ತುಂಬಿಸಿ ಹೋದ ಆ ಹಿರಿಯರು ಉಡುಪಿಯ ಯಕ್ಷಗಾನ ಕೇಂದ್ರದಲ್ಲಿ ಎಷ್ಟೋ ಜನರ ಬೆರಳು ತಿದ್ದಿದರು. ಅಮೆರಿಕದಿಂದ ಬಂದ ಮಾರ್ತಾ ಆಷ್ಟನ್ ಕೂಡ ಅವರಲ್ಲಿ ಕಲಿತವರೇ. ಬ್ರೂಸ್ ಕ್ರಿಸ್ಟಿಯವರ ಜೊತೆ ಆಕೆ ಬರೆದ ಯಕ್ಷಗಾನದ ಪುಸ್ತಕ 1977ರಲ್ಲಿ ಹೊರಬಂತು. ಮೊದಲು ಶ್ರುತಿಗೆ ಪುಂಗಿ ಇತ್ತು, ಆಮೇಲೆ ಹಾರ್ಮೋನಿಯಂ, ಈಗ ಕರೆಂಟಿನ ಶ್ರುತಿಪೆಟ್ಟಿಗೆ. ಗುರುಗಳ ಪಕ್ಕದಲ್ಲೂ ಅದೊಂದು ಗುಂಯ್‌ಗುಡುತ್ತಿತ್ತು. ಕರೆಂಟು ಹೋದಾಗ ಆಟೋದವನು ಮೊಬೈಲಿನಲ್ಲಿ ಶ್ರುತಿ ಹಾಕಿದ.

ಮೊದಲ ಕಾಲದಲ್ಲಿ ಎಲ್ಲರ ಕೈಯೂ ಕೂತಿತು. ಹುಡುಗಿಯ ಎಡಗೈ ಪುಟ್ಟದು, ತೋಂ ತುಂಬುವುದಿಲ್ಲ. ಆದರೂ ಅದು ಬೀಳಬೇಕಾದ ಜಾಗದಲ್ಲೇ ಬೀಳುತ್ತಿತ್ತು. ನಿಜವಾದ ಪಾಠ ಎದುರಾದದ್ದು ಎರಡನೇ ಕಾಲದಲ್ಲಿ. ಉಳಿದವರು ಮೊದಲಿನ ವೇಗದಲ್ಲೇ ಕೈತಟ್ಟುತ್ತಿರಬೇಕು, ಬಾರಿಸುವವರು ಕೈಯನ್ನು ದುಪ್ಪಟ್ಟು ಮಾಡಬೇಕು. ಒಂದು ಏಳರೊಳಗೆ ಎರಡು ಏಳು.

ಬೆಂಗಳೂರಿನ ಹುಡುಗನಿಗೇ ಮೊದಲ ಸರದಿ. ಅವನ ಬೆರಳು ಚುರುಕು, ಪೆಟ್ಟು ಸ್ಪಷ್ಟ. ಮೊದಲ ಏಳು ಸಲೀಸಾಗಿ ಹೋಯಿತು. ಎರಡನೆಯ ಏಳು ಶುರುವಾಗಬೇಕಾದಲ್ಲಿ ಅವನ ಎಡಗೈ ತಟ್ಟನೆ ಕೈತಟ್ಟಿನ ಜೊತೆ ಹೋಗಿ ಸೇರಿಕೊಂಡಿತು. ತಾಳ ಮುರಿಯಿತು. ಮತ್ತೆ ಹಿಡಿದ, ಮತ್ತೆ ಅದೇ ಜಾಗದಲ್ಲಿ ಮುರಿಯಿತು. ನಾಲ್ಕರಲ್ಲಿ ಹೀಗಾಗುವುದಿಲ್ಲ. ನಾಲ್ಕನ್ನು ದುಪ್ಪಟ್ಟು ಮಾಡಿದರೆ ಎರಡನೆಯ ಸುತ್ತು ಸರಿಯಾಗಿ ಮೂರನೆಯ ಎಣಿಕೆಯ ನೆತ್ತಿಯ ಮೇಲೇ ಏಳುತ್ತದೆ. ಅವನು ಬೆಳೆದದ್ದು ಆ ನಾಲ್ಕರಲ್ಲಿ. ಏಳಕ್ಕೆ ಅರ್ಧ ಮೂರೂವರೆ. ಎರಡನೆಯ ಸುತ್ತು ಹುಟ್ಟುವುದು ನಾಲ್ಕನೆಯ ಎಣಿಕೆಗೂ ಐದನೆಯದಕ್ಕೂ ನಡುವಿನ ಸಂದಿನಲ್ಲಿ. ಅಲ್ಲಿ ಯಾರ ಕೈಯೂ ತಟ್ಟುತ್ತಿರುವುದಿಲ್ಲ. ಸುತ್ತ ಕೂತ ಐದಾರು ಜನರಲ್ಲಿ ಒಬ್ಬರೂ ನಿಮ್ಮ ನೆರವಿಗೆ ಬಾರದ ಜಾಗದಲ್ಲಿ ಎಡಗೈ ಒಂಟಿಯಾಗಿ ತೋಂ ಎನ್ನಬೇಕು.

ಗುರುಗಳು ಅದನ್ನು ಬಿಡಿಸಿ ತೋರಿಸಿದರು. ಒಂದನೆಯ ಕೈತಟ್ಟಿಗೆ ಎಡಗೈ. ಎರಡನೆಯ ತಟ್ಟಿಗೆ ಮೊದಲ ಸುತ್ತಿನ ಕಟ್ಟಕಡೆಯ ಬಲಪೆಟ್ಟು. ಅದು ಬಿದ್ದ ಅರೆಗಳಿಗೆಗೆ, ಬರಿದಾದ ಜಾಗದಲ್ಲಿ, ಎಡ. ಮುಂದೆ ಮೂರನೆಯ ತಟ್ಟಿಗೆ ಎಡಗೈ ಮತ್ತೆ ತಾನಾಗಿ ಬಂದು ಸೇರುತ್ತದೆ. ‘ನೋಡು, ಒಂದು ಸಲ ಜೊತೆ ಬಿಟ್ಟು ಹೋಗ್ತದೆ. ಮತ್ತೆ ಇಲ್ಲಿ ಸಿಗ್ತದೆ. ಸಿಗ್ತದೆ ಅಂತ ಗೊತ್ತಿದ್ರೆ ಹೆದರಿಕೆ ಇಲ್ಲ.’

ನಾನು ಆ ಜಗಲಿಯ ಮೂಲೆಯಲ್ಲಿ ಕೂತು ಆ ಒಂದು ಸಂದನ್ನು ಎಷ್ಟು ಸಲ ಕೇಳಿದೆನೋ. ಗುಮಾಸ್ತರು ತಪ್ಪಿದರು, ಆಟೋದವನು ತಪ್ಪಿದ. ಬೆಂಗಳೂರಿನ ಹುಡುಗ ತಪ್ಪಿ ತಪ್ಪಿ, ಕಣ್ಣು ಮುಚ್ಚಿ, ಕೊನೆಗೊಮ್ಮೆ ಹಿಡಿದ. ಹಿಡಿದಾಗ ಅವನ ಮುಖದಲ್ಲಿ ನಗುವಿರಲಿಲ್ಲ, ಅಚ್ಚರಿಯಿತ್ತು. ಸದ್ದೇ ಬದಲಾಗಿಬಿಟ್ಟಿತ್ತು. ಆವರೆಗೆ ಬರೀ ಎಣಿಕೆಯಾಗಿದ್ದದ್ದು ಈಗ ತೂಗತೊಡಗಿತ್ತು. ತುಂಬಿದ ಹೊಳೆಯಲ್ಲಿ ದೋಣಿ ಒಂದು ಮಗ್ಗುಲಿಗೆ ವಾಲಿ ಮತ್ತೆ ನೆಟ್ಟಗಾಗುವ ಹಾಗೆ. ತ್ರಿವುಡೆಯ ಪದಕ್ಕೆ ವೇಷಧಾರಿಯ ಮೈ ತಾನಾಗಿ ಓಲಾಡುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಆ ಓಲಾಟ ಈ ಮೂರೂವರೆಯಿಂದ ಬರುತ್ತದೆ ಎಂದು ತಿಳಿದದ್ದು ಅವತ್ತು.

ಈಚೆಗೆ ಕಲಿಯುವ ಹುಡುಗರಿಗೆ ಚಂಡೆಯ ಮೇಲೆ ಆಸೆ. ಅದು ತಪ್ಪಲ್ಲ. ಬಡಗುತಿಟ್ಟಿನ ಚಂಡೆಯ ಏರುದನಿ ಗದ್ದೆಬಯಲಿನ ಆಚೆಯಿಂದಲೂ ಆಟಕ್ಕೆ ಕರೆಯುತ್ತದೆ, ವೀರರಸದ ಪದಕ್ಕೆ ಅದಿಲ್ಲದೆ ನಡೆಯದು. ಸಿಗಂದೂರು ಮೇಳದ ಆಟ ಊರಿನಲ್ಲಿ ನಡೆದರೆ ಮಾರನೇ ದಿನ ಮಕ್ಕಳು ಡಬ್ಬ, ತಗಡು, ಸ್ಟೀಲ್ ತಟ್ಟೆ ಎಲ್ಲದರ ಮೇಲೂ ಚಂಡೆಯ ಉರುಳಿಕೆ ಬಾರಿಸುತ್ತಾರೆ. ಆದರೂ ಮೊದಲು ಮದ್ದಳೆಯನ್ನೇ ಕಲಿಯಬೇಕು ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ. ಮದ್ದಳೆಯವನಿಗೆ ಎಡಗೈ ಇದೆ. ರಾತ್ರಿ ಎರಡು ಗಂಟೆಗೆ ಕರುಣರಸದ ಪದಕ್ಕೆ ಭಾಗವತರ ದನಿ ಇಳಿದು ಬಂದಾಗ, ಚಂಡೆ ಸುಮ್ಮನಾದ ಆ ಹೊತ್ತಿನಲ್ಲಿ, ಪದವನ್ನು ಹೊತ್ತುಕೊಂಡು ನಡೆಯುವುದು ಆ ಎಡಗೈ. ಅದು ಬೋರ್ಡಿನಲ್ಲಿ ಕಾಣುವ ಕೆಲಸವಲ್ಲ, ಚಪ್ಪಾಳೆ ಗಿಟ್ಟಿಸುವ ಕೆಲಸವೂ ಅಲ್ಲ. ಅದರಿಂದಲೇ ಅದನ್ನು ಕಲಿಸುವವರೂ ಕಲಿಯುವವರೂ ಕಡಿಮೆಯಾದರೆ ನನಗೆ ಸಂಕಟವಾಗುತ್ತದೆ.

ಕೊನೆಗೆ ಒಂದು ಮುಕ್ತಾಯ. ಎಷ್ಟೋ ಹೊತ್ತಿನಿಂದ ಎಲ್ಲರೂ ಕಾಯುತ್ತಿದ್ದದ್ದು ಇದಕ್ಕೇ. ತದಿಗಿಣತೋಂ, ಮೂರು ಸಲ. ಬಾಯಲ್ಲಿ ಹೇಳಿದರೆ ಐದು ಅಕ್ಷರ. ಗುರುಗಳು ಹುಡುಗಿಯ ಕಡೆ ತಿರುಗಿದರು.

‘ಕೂಸೆ, ಮಗ್ಗಿ ಬರ್ತದಾ? ಐದು ಮೂರಲೆ?’

‘ಹದಿನೈದು.’

‘ಏಳೆರಡಲೆ?’

‘ಹದಿನಾಲ್ಕು.’

‘ಒಂದು ಎಲ್ಲಿ ಹೋಯ್ತು ಹಾಗಾದ್ರೆ?’

ಹುಡುಗಿ ಉತ್ತರಿಸಲಿಲ್ಲ. ಕೈಬೆರಳಲ್ಲಿ ಎಣಿಸುತ್ತ, ತುಟಿಯಲ್ಲೇ ಮೂರು ಸಲ ತದಿಗಿಣತೋಂ ಹೇಳಿಕೊಂಡಳು. ಎರಡು ಸುತ್ತು ಮುಗಿದು ಮೂರನೆಯದು ತೆರೆಯುವ ಒಂದನೆಯ ಎಣಿಕೆಯ ಮೇಲೆ ಕಡೆಯ ತೋಂ ಬಂದು ಕೂತಿತು. ಅವಳ ಹುಬ್ಬು ಮೇಲೇರಿತು. ಹದಿನೈದನೆಯದು ಮುಂದಿನ ಸುತ್ತಿನ ಒಂದು. ಅದೇ ಸಮ. ಮುಗಿಯುವುದೂ ಶುರುವಾಗುವುದೂ ಒಂದೇ ಪೆಟ್ಟು. ಮದ್ದಳೆಯನ್ನು ಅವಳ ಮುಂದೆ ಸರಿಸಿದರು. ಉಳಿದವರು ಕೈತಟ್ಟಿದರು. ನಡೆ ಎರಡು ಸುತ್ತು, ಆಮೇಲೆ ತದಿಗಿಣತೋಂ ತದಿಗಿಣತೋಂ ತದಿಗಿಣತೋಂ. ಕಡೆಯ ತೋಂ ಎಲ್ಲರ ಕೈತಟ್ಟಿನ ಜೊತೆ ಒಂದಾಗಿ ಬಿತ್ತು. ಒಳಗಿನಿಂದ ಅವಳ ಅಮ್ಮ ಹೊಸ್ತಿಲಿಗೆ ಬಂದು ನಿಂತಿದ್ದರು, ಕೈಯಲ್ಲಿ ಸೌಟು.

ಕತ್ತಲು ಕವಿಯತೊಡಗಿತ್ತು. ಬೆಂಗಳೂರಿನ ಹುಡುಗ ರಾತ್ರಿ ರೈಲಿಗೆ ಹೋಗಬೇಕು. ಆಟೋದವನೇ ಬಿಟ್ಟುಬರುತ್ತೇನೆಂದು ಎದ್ದ. ಅಂಗಳದಲ್ಲಿ ಕೊಡೆ ಬಿಚ್ಚುತ್ತಾ ಹುಡುಗ ಮುಂದಿನ ಪಾಠ ಯಾವತ್ತು ಎಂದು ಕೇಳಿದ. ‘ನೀನು ಬಂದಾಗ’ ಎಂದರು ಗುರುಗಳು.

ಮದ್ದಳೆ ಮತ್ತೆ ಕಂಬಳಿಗೆ ಹೋಗುವ ಮೊದಲು ಎಡದ ಬೋನ ತೆಗೆಯಬೇಕು. ಹಾಗೇ ಬಿಟ್ಟರೆ ಅನ್ನದ ಆಸೆಗೆ ಜಿರಲೆ ಬಂದು ಮುಚ್ಚಿಗೆಯನ್ನೇ ತಿಂದುಹಾಕುತ್ತದೆ. ಆ ಕೆಲಸ ಹುಡುಗಿಯದು. ಮದ್ದಳೆಯನ್ನು ತೊಡೆಯ ಮೇಲೆ ನಿಲ್ಲಿಸಿಕೊಂಡು, ಹೆಬ್ಬೆರಳ ಉಗುರು ತಾಗದ ಹಾಗೆ ಅಂಚಿನಿಂದ ಮೆಲ್ಲಗೆ ಎಬ್ಬಿಸಿ, ಉಳಿದದ್ದನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದಳು. ಬೂದಿಬಣ್ಣದ ಆ ಮುದ್ದೆ ಅವಳ ಅಂಗೈಯಲ್ಲಿ ಇನ್ನೂ ಮೆತ್ತಗಿತ್ತು. ಮಳೆಯೊಳಗೆ ಕೈಚಾಚಿ ತೆಂಗಿನ ಬುಡಕ್ಕೆ ಎಸೆದಳು.