ಎರಡು ಮಾತು ಹೇಳಿ ಅಂದ್ರೆ ಎದೆ ಢವಢವ ಯಾಕೆ?

ಮಹಿಳಾ ಮಂಡಳದ ವಾರ್ಷಿಕೋತ್ಸವ ಇರಲಿ, ಶಾಲೆಯ ಪಾಲಕರ ಸಭೆ ಇರಲಿ, ವಾರ್ಡಿನ ಸಭೆಯೇ ಇರಲಿ, 'ಅಕ್ಕಾ, ನೀವೂ ಎರಡು ಮಾತು ಹೇಳಿ' ಎಂದು ಮೈಕ್ ಹಿಡಿದರೆ ಸಾಕು, ಮನೆಯಲ್ಲಿ ಪಟಪಟ ಮಾತಾಡುವವರ ಬಾಯಿಯೂ ಒಣಗುತ್ತದೆ. 'ಅಯ್ಯೋ, ನಂಗೆ ಬರೂದಿಲ್ಲ' ಎಂದು ಪಕ್ಕದವರ ಹಿಂದೆ ಸರಿಯುತ್ತೇವೆ. ಕಾರವಾರದ ಕಡೆ ಇನ್ನೊಂದು ಅಳುಕೂ ಉಂಟು. ಮನೆಯಲ್ಲಿ ಕೊಂಕಣಿ, ವೇದಿಕೆಯಲ್ಲಿ ಕನ್ನಡ, ತಪ್ಪಿದರೆ ನಗ್ತಾರೇನೋ! ಆದರೆ ನಾವು ಸುಮ್ಮನೆ ಕೂತರೆ ನಮ್ಮ ಕೇರಿಯ ನೀರು, ಬೀದಿ ದೀಪ, ಮಕ್ಕಳ ಶಾಲೆಯ ವಿಷಯವನ್ನು ಬೇರೆಯವರು ತಮಗೆ ತೋಚಿದಂತೆ ತೀರ್ಮಾನಿಸುತ್ತಾರೆ.

ಭಾಷಣ ಹುಟ್ಟುಗುಣವಲ್ಲ. ಅಡುಗೆಯಂತೆ ಅದಕ್ಕೂ ಒಂದು ತಯಾರಿ ಇದೆ, ಅಷ್ಟೇ.

ಮೊದಲು ಒಂದೇ ವಾಕ್ಯ

1930ರ ಏಪ್ರಿಲ್ 13ರಂದು ಎಂ.ಪಿ. ನಾಡಕರ್ಣಿಯವರ ನೇತೃತ್ವದಲ್ಲಿ ಅಂಕೋಲೆಯಲ್ಲಿ ಉಪ್ಪಿನ ಕಾಯ್ದೆ ಮುರಿದರು. ಸ್ವರಾಜ್ಯ ಎಂಬ ದೊಡ್ಡ ವಿಷಯವನ್ನು ಗಾಂಧೀಜಿ ಉಪ್ಪಿನ ಮೂಲಕ ಹೇಳಿದ್ದರು. ಉಪ್ಪು ಇಲ್ಲದ ಅಡುಗೆಮನೆ ಯಾವುದು? ಅದಕ್ಕೇ ಆ ಮಾತು ಮನೆಮನೆಗೂ ಮುಟ್ಟಿತು.

ನೀವೂ ಹಾಗೇ ಮಾಡಿ. ಸಭೆ ಮುಗಿಸಿ ಹೋಗುವವರ ನೆನಪಲ್ಲಿ ಯಾವ ಒಂದು ಮಾತು ಉಳಿಯಬೇಕು? ಅದನ್ನು ಮೊದಲು ಬರೆದುಕೊಳ್ಳಿ. 'ನಮ್ಮ ಕೇರಿಯ ಸಮಸ್ಯೆಗಳು' ಅಂದರೆ ಯಾರಿಗೂ ಏನೂ ತಿಳಿಯದು. 'ಮಳೆ ಶುರುವಾಗುವ ಮೊದಲೇ ನಮ್ಮ ಗಟಾರ ಸ್ವಚ್ಛವಾಗಬೇಕು' ಅನ್ನಿ. ಈ ವಾಕ್ಯಕ್ಕೆ ಸಂಬಂಧವಿಲ್ಲದ್ದು ಎಷ್ಟೇ ಚೆಂದವಿದ್ದರೂ ಬಿಟ್ಟುಬಿಡಿ.

ಪೀಠಿಕೆ ಚಿಕ್ಕದಿರಲಿ

ನಮ್ಮ ಜಿಲ್ಲೆಯವರಿಗೆ ತಾಳಮದ್ದಳೆ ಹೊಸತಲ್ಲ. ಅರ್ಥಧಾರಿ ಕೂತ ಕೂಡಲೇ ವಾದಕ್ಕಿಳಿಯುವುದಿಲ್ಲ. ತಾನು ಯಾರು, ಈಗಿನ ಸಂದರ್ಭ ಏನು ಎಂದು ಪೀಠಿಕೆ ಹಾಕಿಯೇ ಮುಂದೆ ಹೋಗುತ್ತಾನೆ. ಅವನಿಗೆ ಇಡೀ ರಾತ್ರಿ ಸಿಗಬಹುದು, ನಮಗೆ ಸಿಗುವುದು ಮೂರೇ ನಿಮಿಷ. ವೇದಿಕೆಯಲ್ಲಿ ಇರುವವರ ಹೆಸರೆಲ್ಲ ಹೇಳುತ್ತಾ ಹೋದರೆ ಅರ್ಧ ಸಮಯ ಅಲ್ಲೇ ಮುಗಿಯಿತು! 'ಎಲ್ಲರಿಗೂ ನಮಸ್ಕಾರ' ಎಂದು ಹೆಸರು, ಕೇರಿ ಹೇಳಿ. ನಂತರ ನೇರವಾಗಿ ವಿಷಯ: 'ಹೋದ ಮಳೆಗಾಲದಲ್ಲಿ ಗಟಾರದ ನೀರು ನಮ್ಮ ಅಡುಗೆಮನೆಗೇ ಬಂತು.' ಜನ ಆಗಲೇ ಕಿವಿ ಕೊಡುತ್ತಾರೆ.

ನಡುವೆ ಮೂರೇ ಪಾಯಿಂಟ್

ಹತ್ತು ವಿಷಯ ಹೇಳಿದರೆ ಒಂದೂ ನೆನಪಿರದು. ಮೂರು ಸಾಕು. ಏನಾಗಿದೆ? ಯಾಕೆ ಆಗಿದೆ? ಏನು ಮಾಡಬೇಕು? ಕಾರವಾರದಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ, ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ. ಗಟಾರದಲ್ಲಿ ಹೂಳು, ಪ್ಲಾಸ್ಟಿಕ್ ತುಂಬಿದ್ದರೆ ಅಷ್ಟು ನೀರು ಹೋಗುವುದೆಲ್ಲಿಗೆ? ಹಾಗಾಗಿ ಮೇ ತಿಂಗಳಲ್ಲೇ ಕೆಲಸ ಆಗಬೇಕು. ನೋಡಿ, ಒಂದು ಮಾತು ಇನ್ನೊಂದನ್ನು ತಾನಾಗಿ ಎಳೆದು ತಂದಿತು. ಬಾಯಿಪಾಠದ ಅಗತ್ಯವೇ ಇಲ್ಲ.

ಕಂಡದ್ದನ್ನೇ ಹೇಳಿ

ಅಂಕೋಲಾ ತಾಲ್ಲೂಕಿನ ಹೊನ್ನಳ್ಳಿಯ ತುಳಸಿ ಗೌಡ (ನಿಧನ 2024) ಶಾಲೆಗೆ ಹೋದವರಲ್ಲ. ಬಡಿಗೇರಿಯ ಸುಕ್ರಿ ಬೊಮ್ಮಗೌಡ (ನಿಧನ 2025) ಅವರ ಶಕ್ತಿ ಹಾಲಕ್ಕಿ ಹಾಡುಗಳು. ಸಾರಾಯಿ ವಿರುದ್ಧ ಹೆಂಗಸರನ್ನು ಒಗ್ಗೂಡಿಸಿದ್ದೂ ಅವರೇ. ಇಬ್ಬರಿಗೂ ಪದ್ಮಶ್ರೀ ಬಂತು. ಅವರ ಮಾತಿಗೆ ತೂಕ ಬಂದದ್ದು ದೊಡ್ಡ ಶಬ್ದಗಳಿಂದಲ್ಲ. ಒಬ್ಬರಿಗೆ ಬೀಜ, ಸಸಿ ಗೊತ್ತಿತ್ತು. ಇನ್ನೊಬ್ಬರಿಗೆ ಹಾಡು ಮತ್ತು ತಮ್ಮ ಜನರ ಕಷ್ಟ ಗೊತ್ತಿತ್ತು. ನಿಮಗೂ ನಿಮ್ಮ ಮನೆ, ಕೇರಿ ಗೊತ್ತಲ್ಲ? ಗ್ರಂಥದ ಕನ್ನಡ ಬೇಡ. ನಡುವೆ ಒಂದು ಕೊಂಕಣಿ ಶಬ್ದ ಬಂದರೂ ಆಕಾಶವೇನೂ ಕಳಚಿ ಬೀಳದು.

ಮುಗಿಸುವಾಗ ತಡವರಿಸಬೇಡಿ

'ಇನ್ನೂ ಹೇಳೋದಿತ್ತು, ಟೈಮಿಲ್ಲ' ಅನ್ನುತ್ತಾ ಕೆಳಗಿಳಿಯಬೇಡಿ. ಕೊನೆಯ ವಾಕ್ಯವನ್ನು ಮೊದಲೇ ಗಟ್ಟಿ ಮಾಡಿಕೊಳ್ಳಿ. ಕೇಳುವುದಿದ್ದರೆ ಯಾರು, ಏನು, ಯಾವಾಗ ಎಂದು ಸ್ಪಷ್ಟವಾಗಿ ಕೇಳಿ: 'ನಗರಸಭೆಯವರು ಮೇ ಕೊನೆಯೊಳಗೆ ಗಟಾರದ ಹೂಳು ತೆಗೆಸಿಕೊಡಬೇಕು.' ಅಂಕೋಲೆಯವರಾದರೆ ಪುರಸಭೆ ಅನ್ನಿ. ನಮಸ್ಕಾರ ಹೇಳಿ ಕೂತುಬಿಡಿ.

ಇದು ನೆನಪಿರಲಿ

* ಪೂರ್ತಿ ಭಾಷಣ ಬರೆದು ಓದಬೇಡಿ. ಚಿಕ್ಕ ಚೀಟಿಯಲ್ಲಿ ಐದಾರು ಶಬ್ದ ಸಾಕು.
* ಗಡಿಯಾರ ನೋಡಿಕೊಂಡು ಮನೆಯಲ್ಲಿ ಎರಡು ಸಲ ಗಟ್ಟಿಯಾಗಿ ಹೇಳಿ ನೋಡಿ. ಮನಸ್ಸಿನಲ್ಲೇ ಹೇಳಿಕೊಂಡರೆ ಸಮಯದ ಅಂದಾಜು ಸಿಗದು.
* ಮೊದಲ ಮತ್ತು ಕೊನೆಯ ವಾಕ್ಯ ಮಾತ್ರ ಬಾಯಿಪಾಠ ಇರಲಿ.
* ಮರೆತರೆ ಗಾಬರಿ ಬೇಡ. ಒಂದು ಗುಟುಕು ನೀರು ಕುಡಿದು ಚೀಟಿ ನೋಡಿ.
* ಸಭೆಯಲ್ಲಿ ಕಂಡ ಪರಿಚಿತ ಮುಖಕ್ಕೆ ಹೇಳುವಂತೆ ಶುರು ಮಾಡಿ.

ಮುಂದಿನ ಸಭೆಯಲ್ಲಿ ಮೈಕ್ ನಿಮ್ಮತ್ತ ಬಂದಾಗ ಪಕ್ಕದವರಿಗೆ ದಾಟಿಸಬೇಡಿ. ಮೂರು ನಿಮಿಷ ನಿಮ್ಮದೇ!