ಕಾಣದ ಕತ್ತಿಗೆ ಗೆರೆ ಎಳೆದವರು

ಕತ್ತಿ ಇಲ್ಲ. ಹಿಡಿಯಿಲ್ಲ, ಅಲಗಿಲ್ಲ, ಒರೆಯೂ ಇಲ್ಲ. ದಾಲಿ ರಾಜ್ಯದ ರಾಜಕುಮಾರ ದುವಾನ್ ಯು ಸುಮ್ಮನೆ ಬೆರಳು ಚಾಚುತ್ತಾನೆ. ಬೆರಳ ತುದಿಯಿಂದ ಒಳಬಲ ಚಿಮ್ಮಿ ಎದುರಾಳಿಯನ್ನು ಸೀಳುತ್ತದೆ! ಅದಾದರೂ ಕೈಯಲ್ಲಿ ಹಿಡಿತವಿರುವ ವಿದ್ಯೆಯೇ? ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಬೌದ್ಧ ಗ್ರಂಥಗಳನ್ನು ಓದಿಕೊಂಡು ಬೆಳೆದ ಹುಡುಗ ಅವನು, ವರಸೆ ಕಲಿ ಎಂದು ಅಪ್ಪ ಒತ್ತಾಯಿಸಿದ್ದಕ್ಕೆ ಮನೆಬಿಟ್ಟು ಓಡಿದವನು. ಅಂಥವನ ಬೆರಳಿಗೇ ಆರು ನಾಡಿಗಳ ದಿವ್ಯಖಡ್ಗ ಬಂದು ಕೂತಿದೆ. ಹಾಂಗ್‌ಕಾಂಗಿನ ಕಾದಂಬರಿಕಾರ ಜಿನ್ ಯೋಂಗ್ 1963ರಲ್ಲಿ ಪತ್ರಿಕೆಗೆ ಧಾರಾವಾಹಿಯಾಗಿ ಬರೆಯಲು ತೊಡಗಿದ ಕಥೆ ಇದು. ಬರೆಯುವವನಿಗೆ ಏನು, ‘ಕಾಣದ ಕತ್ತಿ’ ಎಂದು ಎರಡು ಪದ ಹಾಕಿದರೆ ಮುಗಿಯಿತು. ಇದನ್ನು ಕಾಮಿಕ್ಸ್ ಮಾಡಲು ಕುಂಚ ಹಿಡಿದವನ ಪಾಡೇನು? ಕಣ್ಣಿಗೆ ಕಾಣದ್ದನ್ನು ಬಿಡಿಸುವುದು ಹೇಗೆ?

ಚೀನೀ ವೀರಗಥೆಗಳ ಕಾಮಿಕ್ಸ್ ಲೋಕಕ್ಕೆ ಕಾಲಿಟ್ಟವರನ್ನು ಮೊದಲು ಹಿಡಿದು ನಿಲ್ಲಿಸುವುದೇ ಈ ಪ್ರಶ್ನೆ. ಅದರ ಹಿಂದೆ ಹೊರಟರೆ ಸುಮಾರು ನೂರು ವರ್ಷದಷ್ಟು ದೂರ ಎಳೆದುಕೊಂಡು ಹೋಗುತ್ತದೆ, ಶಾಂಘೈನ ಗಲ್ಲಿಗಳವರೆಗೆ.

ಅಲ್ಲಿ 1920ರ ದಶಕದಲ್ಲೇ ಅಂಗೈಯಗಲದ ಚಿತ್ರಪುಸ್ತಕಗಳಿದ್ದವು. ಪುಟಕ್ಕೊಂದು ಚಿತ್ರ, ಜೊತೆಗೆ ನಾಲ್ಕು ಸಾಲು ಕಥೆ. ಹೆಸರು ಲಿಯೆನ್‌ಹುವಾನ್‌ಹುವಾ. ಕೊಳ್ಳುವವರಿಗಿಂತ ಬಾಡಿಗೆಗೆ ಓದುವವರೇ ಹೆಚ್ಚು: ಬೀದಿಬದಿಯ ಅಂಗಡಿಯವನಿಗೆ ಚಿಲ್ಲರೆ ಕಾಸು ಕೊಟ್ಟು, ಅಲ್ಲೇ ಕುಳ್ಳ ಬೆಂಚಿನ ಮೇಲೆ ಕೂತು ಮುಗಿಸಿ, ಇನ್ನೊಂದಕ್ಕೆ ಕೈ ಚಾಚುವುದು. 1928ರಲ್ಲಿ ಒಂದು ವೀರಗಥೆಯನ್ನು ಆಧರಿಸಿ ‘ಕೆಂಪು ಕಮಲ ಮಂದಿರದ ದಹನ’ ಎಂಬ ಮೂಕಿ ಚಿತ್ರ ಬಂತು. ಜನ ಹುಚ್ಚೆದ್ದರು! ಮೂರೇ ವರ್ಷದಲ್ಲಿ ಹದಿನೆಂಟು ಭಾಗ. ಕೊನೆಗೆ ಸರ್ಕಾರವೇ ನಿಷೇಧ ಹಾಕಬೇಕಾಯಿತು. ಹಾರುವ ಕತ್ತಿಗಳು, ಗಾಳಿಯಲ್ಲಿ ತೇಲುವ ವೀರರು ತೆರೆಯಿಂದ ಇಳಿದು ಆ ಪುಟ್ಟ ಪುಸ್ತಕಗಳಿಗೂ ಹೊಕ್ಕರು. ವಿದ್ಯಾವಂತರು ಮೂಗು ಮುರಿದರು, ಇದೆಂಥ ಕಲೆ ಎಂದರು. ಆಗ ಇವುಗಳ ಪರವಾಗಿ ಲೇಖನಿ ಎತ್ತಿದವರು ಯಾರು ಗೊತ್ತೇ? ಚೀನೀ ಸಾಹಿತ್ಯದ ದಿಗ್ಗಜ, ಸಾಕ್ಷಾತ್ ಲು ಶುನ್! 1932ರ ಲೇಖನದಲ್ಲಿ ಅವರು ಯುರೋಪಿನ ಚರ್ಚುಗಳ ಭಿತ್ತಿಚಿತ್ರಗಳನ್ನು ಮುಂದಿಟ್ಟು, ಅವೂ ಸಾಲುಚಿತ್ರದ ಕಥೆಗಳೇ ತಾನೆ ಎಂದು ವಾದಿಸಿದರು. ಅಷ್ಟಕ್ಕೇ ನಿಲ್ಲಲಿಲ್ಲ, ಪೂರ್ವದೇಶಗಳ ಉದಾಹರಣೆಗೆ ಬಂದಾಗ ಅವರು ಹೆಸರಿಸಿದ್ದು ನಮ್ಮ ಅಜಂತಾವನ್ನು. ಬಾಡಿಗೆ ಕಾಮಿಕ್ಸಿನ ವಕಾಲತ್ತಿಗೆ ಅಜಂತಾ ಸಾಕ್ಷಿ!

ಇನ್ನು ಹಾಂಗ್‌ಕಾಂಗ್. ಇಲ್ಲಿ ಟೋನಿ ವಾಂಗ್ ಯುಕ್‌ಲಾಂಗ್ ಎಂಬ ಹುಡುಗ 1970ರಲ್ಲಿ ಬೀದಿ ಪುಂಡರ ಹೊಡೆದಾಟದ ಕಾಮಿಕ್ಸ್ ಶುರುಮಾಡಿದ. ಹೆಸರೇ ‘ಚಿಕ್ಕ ಪೋಕರಿಗಳು’. ರಕ್ತ ಎಷ್ಟು ಹರಿಯಿತೆಂದರೆ 1975ರಲ್ಲಿ ಅಶ್ಲೀಲ ಹಾಗೂ ಹಿಂಸಾತ್ಮಕ ಪ್ರಕಟಣೆಗಳ ವಿರುದ್ಧ ಕಾನೂನು ಬಂದಾಗ ಪತ್ರಿಕೆಯ ಹೆಸರನ್ನೇ ಬದಲಿಸಬೇಕಾಯಿತು. ಅದೇ ಪೋಕರಿ ಕಾಮಿಕ್ಸಿನ ಕಂಪನಿ 1986ರಲ್ಲಿ ಷೇರುಪೇಟೆ ಏರಿತು ಎಂದರೆ ನಂಬುತ್ತೀರಾ? ಅಲ್ಲಿಂದ ಹೊರಬಿದ್ದ ಮಾ ವಿಂಗ್‌ಶಿಂಗ್ 1989ರಲ್ಲಿ ‘ಗಾಳಿ ಮತ್ತು ಮೋಡ’ದ ಕಥೆ ಆರಂಭಿಸಿದರು. ಒಬ್ಬ ಪೆನ್ಸಿಲ್ ಗೆರೆ ಎಳೆದರೆ ಇನ್ನೊಬ್ಬ ಹಿನ್ನೆಲೆ ತುಂಬಿ, ಮತ್ತೊಬ್ಬ ಬಣ್ಣ ಬಳಿದು ವಾರವಾರ ಸಂಚಿಕೆ ಹೊರಡಿಸುವ ಕಾರ್ಖಾನೆಗಳಿವು. ಈ ಕಾರ್ಖಾನೆಗಳ ಕೈಗೆ ಜಿನ್ ಯೋಂಗ್ ಕಾದಂಬರಿಗಳು ಸಿಕ್ಕಾಗ ಆದದ್ದೇ ಸ್ಫೋಟ.

ಅವುಗಳಲ್ಲೊಂದರ ನಾಯಕ, ಗುವೊ ಜಿಂಗ್ ಎಂಬ ಮಂದಬುದ್ಧಿಯ ಮುಗ್ಧ ಹುಡುಗನನ್ನೇ ನೋಡಿ. ಅವನ ಗೆಳತಿ ಹುವಾಂಗ್ ರೊಂಗ್ ಮಹಾ ಚತುರೆ. ಹೊಟ್ಟೆಬಾಕ ಗುರು ಹೊಂಗ್ ಚಿಗೊಂಗ್‌ಗೆ ದಿನಕ್ಕೊಂದು ರುಚಿ ಬಡಿಸಿ, ಆಸೆ ಹುಟ್ಟಿಸಿ, ಗೆಳೆಯನಿಗೆ ಒಂದೊಂದಾಗಿ ಡ್ರ್ಯಾಗನ್ ದಮನದ ವರಸೆಗಳನ್ನು ಕೊಡಿಸುತ್ತಾಳೆ. ಕಾದಂಬರಿಯಲ್ಲಿ ಅದು ಅಂಗೈಯ ಹೊಡೆತ. ಮರ ಮುರಿಯುತ್ತದೆ, ಅಷ್ಟೇ. ಹಾಂಗ್‌ಕಾಂಗಿನ ಚಿತ್ರಕಾರರು ಅಷ್ಟಕ್ಕೆ ಬಿಟ್ಟಾರೆಯೇ? ಅಂಗೈಯಿಂದ ಡ್ರ್ಯಾಗನ್ನನ್ನೇ ಹೊರಡಿಸಿದರು! ಬೆಳಕಿನ ಮೈ, ಬಾಯಿ ತೆರೆದ ತಲೆ, ಎರಡು ಪುಟಕ್ಕೂ ಚಾಚಿದ ಬಾಲ. ಹೆಸರಿನಲ್ಲಷ್ಟೇ ಇದ್ದ ಪ್ರಾಣಿ ಕಾಗದದ ಮೇಲೆ ಜೀವ ತಳೆಯಿತು.

ಲೀ ಚಿ‌ಚಿಂಗ್ ಹಿಡಿದ ದಾರಿ ಇದಕ್ಕೆ ಪೂರಾ ಉಲ್ಟಾ. ಅದೇ ಗುವೊ ಜಿಂಗ್ ಕಥೆಗೆ ಅವರು ಮಸಿ, ಕುಂಚ ಮತ್ತು ಚೀನೀ ಭೂದೃಶ್ಯ ಚಿತ್ರಗಳ ಸಂಸ್ಕಾರವನ್ನು ತಂದರು. ಕುದುರೆಯ ಕಾಲಿನ ಬಳಿ ಒಣಕುಂಚದ ಎರಡು ಗೀಟು, ಉಳಿದದ್ದೆಲ್ಲ ಖಾಲಿ ಬಿಳಿ. ಆದರೂ ಹುಲ್ಲುಗಾವಲಿನ ಗಾಳಿ ಕೇಳಿಸುತ್ತದೆ. ಜಪಾನ್ ಸರ್ಕಾರ 2007ರಲ್ಲಿ ಅಂತರರಾಷ್ಟ್ರೀಯ ಮಂಗಾ ಪ್ರಶಸ್ತಿಯನ್ನು ಆರಂಭಿಸಿದಾಗ ಮೊದಲ ಗೌರವ ಇವರಿಗೇ ಹೋಯಿತು, ಸುನ್ ತ್ಸು ಯುದ್ಧನೀತಿಯನ್ನು ಚಿತ್ರಿಸಿದ್ದಕ್ಕೆ. ನನ್ನ ಮತವೇನೋ ಲೀ ಕಡೆಗೇ. ಆದರೆ ಡ್ರ್ಯಾಗನ್ ಪುಟ ಎದುರಿಗೆ ಬಂದಾಗ ಆ ಮತ ಕೊಂಚ ಅಲುಗುತ್ತದೆ ಎಂಬುದೂ ನಿಜ.

ಬೆರಗು ಇಷ್ಟಕ್ಕೇ ಮುಗಿಯುವುದಿಲ್ಲ. ದುವಾನ್ ಯು ಕಥೆಯಲ್ಲಿ ಬೌದ್ಧ ಮಠವೊಂದರಲ್ಲಿ ನಡೆಯುವ ಅಧ್ಯಾಯವನ್ನೇ ತೆಗೆದುಕೊಳ್ಳಿ. ದಿವ್ಯಖಡ್ಗದ ರಹಸ್ಯಗ್ರಂಥ ಕೇಳಿಕೊಂಡು ಟಿಬೆಟಿನ ಸನ್ಯಾಸಿ ಜಿಯುಮೊಜಿ ಬರುತ್ತಾನೆ. ಮಠದ ಸನ್ಯಾಸಿಗಳು ಬೆರಳಿಗೊಬ್ಬರಂತೆ ವಿದ್ಯೆ ಹಂಚಿಕೊಂಡು ಎದುರಿಗೆ ಕೂರುತ್ತಾರೆ. ಎರಡೂ ಕಡೆ ಆಯುಧ ಅದೃಶ್ಯ. ಆಗ ಆ ಟಿಬೆಟಿನವನು ಏನು ಮಾಡುತ್ತಾನೆ? ಆರು ಊದುಬತ್ತಿ ಸಾಲಾಗಿ ನಿಲ್ಲಿಸಿ ಹಚ್ಚುತ್ತಾನೆ! ಒಳಬಲ ತಾಕಿದಂತೆ ಹೊಗೆಯ ಎಳೆಗಳು ಬಾಗಿ, ನೆಟ್ಟಗಾಗಿ, ಎದುರಾಳಿಗಳತ್ತ ನುಗ್ಗುತ್ತವೆ. ಕಾಣದ ಕತ್ತಿ ಹೊಗೆಯಲ್ಲಿ ಕಾಣುತ್ತದೆ. ಅಂದರೆ ಚಿತ್ರಕಾರನ ತಲೆನೋವಿಗೆ ಕಾದಂಬರಿಕಾರ ಮೊದಲೇ ಮದ್ದು ಅರೆದಿಟ್ಟಿದ್ದ! ಅದು ಆಕಸ್ಮಿಕವಲ್ಲ. ಜಿನ್ ಯೋಂಗ್ 1950ರ ದಶಕದಲ್ಲಿ ಸಿನಿಮಾ ವಿಮರ್ಶೆ ಬರೆದವರು, ಬೇರೆ ಹೆಸರಿನಲ್ಲಿ ಚಿತ್ರಕಥೆ ಹೆಣೆದವರು, ನಿರ್ದೇಶನಕ್ಕೂ ಕೈ ಹಾಕಿದವರು. ಪತ್ರಿಕೆಯಲ್ಲಿ ಅವರ ಧಾರಾವಾಹಿಯ ಜೊತೆಗೆ ಪುಟ್ಟ ರೇಖಾಚಿತ್ರವೂ ಅಚ್ಚಾಗುತ್ತಿತ್ತು. ಆ ಗದ್ಯ ಹುಟ್ಟಿದ್ದೇ ಚಿತ್ರದ ಮಗ್ಗುಲಲ್ಲಿ.

ಮಾ ವಿಂಗ್‌ಶಿಂಗ್ ಚಿತ್ರಿಸಿದ ಜಿನ್ ಯೋಂಗ್ ಅವರ ‘ಸ್ವರ್ಗಖಡ್ಗ’ದ ಕಥೆಯಲ್ಲಿ ನಮಗೆ ಇನ್ನೊಂದು ಪುಳಕ ಕಾದಿದೆ. ಅದರ ನಾಯಕ ಝಾಂಗ್ ವುಜಿಗೆ ಮಹಾಬಲ ಕೊಡುವ ಗ್ರಂಥ ಅಡಗಿರುವುದು ಬೋಧಿಧರ್ಮನ ಹೆಸರಿನೊಂದಿಗೆ ತಳಕು ಹಾಕಿಕೊಂಡಿರುವ ಲಂಕಾವತಾರ ಸೂತ್ರದ ಸಾಲುಗಳ ನಡುವೆ! ಕಳ್ಳರು ಆ ಗ್ರಂಥವನ್ನು ಕೋತಿಯ ಹೊಟ್ಟೆಯೊಳಗಿಟ್ಟು ಹೊಲಿದಿರುತ್ತಾರೆ; ಎಷ್ಟೋ ದಶಕಗಳ ಮೇಲೆ ಆ ಹುಡುಗ ನರಳುವ ಮುದಿ ಕೋತಿಯ ಹುಣ್ಣಿಗೆ ಚಿಕಿತ್ಸೆ ಮಾಡಲು ಹೋಗಿ ಗ್ರಂಥ ಹೊರತೆಗೆಯುತ್ತಾನೆ. ದಕ್ಷಿಣ ಭಾರತದಿಂದ ಹೋದನೆಂದು ಐತಿಹ್ಯ ಹೇಳುವ ಭಿಕ್ಷು ಹೀಗೆ ಹಾಂಗ್‌ಕಾಂಗಿನ ಬಣ್ಣದ ಪುಟಗಳಿಗೆ ಬಂದು ಮುಟ್ಟಿದ್ದಾನೆ.

ಚೀನೀ ಬಾರದವರು ಇದನ್ನೆಲ್ಲ ಓದುವುದು ಹೇಗೆ? ಅದಕ್ಕೆ ಸಿಂಗಪುರದ ವೀ ಟಿಯಾನ್ ಬೆಂಗ್‌ಗೆ ಕೈಮುಗಿಯಬೇಕು. ಒಂಟಿತೋಳಿನ ವೀರ ಯಾಂಗ್ ಗುವೊ ಮತ್ತು ಅವನ ದೈತ್ಯ ಹದ್ದಿನ ಕಥೆಯನ್ನು ಅವರು 1990ರ ದಶಕದಲ್ಲೇ ಹದಿನೆಂಟು ಸಂಪುಟಗಳ ಕಾಮಿಕ್ಸ್ ಮಾಡಿದರು, ಅದು ಇಂಗ್ಲಿಷಿನಲ್ಲೂ ಬಂತು. ಜಿನ್ ಯೋಂಗ್ ಅವರ ಮೂಲ ಕಾದಂಬರಿಯ ಅಧಿಕೃತ ಇಂಗ್ಲಿಷ್ ಅನುವಾದದ ಮೊದಲ ಸಂಪುಟ ಹೊರಬಂದದ್ದು 2023ರಲ್ಲಿ. ಅಲ್ಲಿಯವರೆಗೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ, ಇಂಗ್ಲಿಷ್ ಓದುಗರ ಪಾಲಿಗೆ ಅಚ್ಚಿನಲ್ಲಿ ಸಿಗುತ್ತಿದ್ದ ಯಾಂಗ್ ಗುವೊ ಎಂದರೆ ವೀ ಬಿಡಿಸಿದ ಯಾಂಗ್ ಗುವೊ.